ಸಹಾಯ ಬೇಕು: ಕ್ಯಾಮೆರಾ 68 ಅನ್ನುತ್ತದೆ, ಜಿಪಿಎಸ್ 59 ಅನ್ನುತ್ತದೆ

ಎಲ್ಲರಿಗೂ ನಮಸ್ಕಾರ. ಓವರ್‌ಸ್ಪೀಡ್ ಅಂತ ದಂಡದ ನೋಟಿಸ್ ಬಂದಿದೆ. 50ರ ಮಿತಿ ಇರುವ ಕಡೆ 68ರಲ್ಲಿ ಹೋಗಿದ್ದೇನಂತೆ. 80ರ ರಸ್ತೆ ಅಲ್ಲಿ ಒಮ್ಮೆಲೇ 50ಕ್ಕೆ ಇಳಿಯುತ್ತದೆ. ಬೋರ್ಡು ಮರದ ಕೊಂಬೆಯ ಹಿಂದೆ ಅಡಗಿ ಕೂತಿದೆ. ಕ್ಯಾಮೆರಾಗೆ ಮಾತ್ರ ಯಾವ ಕೊಂಬೆಯೂ ಅಡ್ಡ ಇಲ್ಲ ಬಿಡಿ!

ನನ್ನ ಡ್ಯಾಶ್‌ಕ್ಯಾಮ್‌ನ ಜಿಪಿಎಸ್‌ನಲ್ಲಿ ಆ ಹೊತ್ತಿಗೆ 59 ಇದೆ. ವೇಗ ಬದಲಾಗುವಾಗ ಜಿಪಿಎಸ್ ಸ್ವಲ್ಪ ಹಿಂದೆ ಬೀಳುತ್ತದೆ, ಗೊತ್ತು. ಆದರೂ ಕ್ಯಾಮೆರಾದ ವೇಗ ಅಳೆಯುವ ರಡಾರ್ ಓರೆಯಾಗಿ ನೋಡಿದರೆ ವೇಗ ಕಡಿಮೆ ತೋರಿಸಬೇಕು, ಜಾಸ್ತಿ ಅಲ್ಲ ಅಲ್ವಾ? 59 ಕೂಡ ತಪ್ಪೇ, ಒಪ್ಪುತ್ತೇನೆ. ಆದರೆ ದಂಡದ ಹಂತವೇ ಬೇರೆ.

ಆಕ್ಷೇಪಣೆ ಬರೆದೆ, ಬೋರ್ಡಿನ ಫೋಟೋ ಕಳಿಸಿದೆ, ಕ್ಯಾಮೆರಾ ಸರಿಯಾಗಿ ಅಳೆಯುತ್ತದೆ ಅನ್ನೋ ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ಕೇಳಿದೆ. ನಂಬರ್ ಪ್ಲೇಟ್ ಸ್ಪಷ್ಟವಾಗಿದೆ ಅಂತ ಒಂದೇ ಸಾಲಿನ ಉತ್ತರ ಬಂತು. ನಾನು ಅದನ್ನು ಕೇಳೇ ಇರಲಿಲ್ಲ.

ಈಗ ಗೊಂದಲ ಇದು. ಬೋರ್ಡು ಕಾಣಲಿಲ್ಲ ಅಂದರೆ 68 ಒಪ್ಪಿಕೊಂಡ ಹಾಗೆ ಆಗುತ್ತಾ? ಜಿಪಿಎಸ್ ಕೊಟ್ಟರೆ 50 ದಾಟಿದ್ದಕ್ಕೆ ನಾನೇ ಸಾಕ್ಷಿ ಕೊಟ್ಟ ಹಾಗೆ. ಮೇಲ್ಮನವಿಯಲ್ಲಿ ಎರಡನ್ನೂ ಬರೆಯಬೇಕಾ, ಒಂದೇ ಸಾಕಾ? ಇಂಥದ್ದರಲ್ಲಿ ಗೆದ್ದವರು ಯಾವುದನ್ನು ಮುಂದಿಟ್ಟಿರಿ?