ಫಿಯೆಟ್ 500 ಎಫ್: ಎಂಜಿನ್ ಜೋಡಿಸಿದ ಮೇಲೂ ಪುಶ್‌ರಾಡ್ ಟ್ಯೂಬ್ ಹತ್ತಿರ ಆಯಿಲ್ ಸೋರಿಕೆ

ಪ್ರಶ್ನೆ: 1968ರ ಗಾಡಿ, 499.5 ಸಿಸಿ ಏರ್ ಕೂಲ್ಡ್ ಎಂಜಿನ್. ಎಲ್ಲ ಗ್ಯಾಸ್ಕೆಟ್, ಸೀಲ್ ಹೊಸವು. ಆದರೂ ಪುಶ್‌ರಾಡ್ ಟ್ಯೂಬ್‌ಗಳ (ವಾಲ್ವ್ ತೆರೆಯುವ ಕಡ್ಡಿಗಳು ಓಡಾಡುವ ಕೊಳವೆಗಳು) ಬುಡದಲ್ಲಿ ಆಯಿಲ್ ಜಿನುಗುತ್ತಿದೆ. ಹೆಡ್ (ಸಿಲಿಂಡರ್‌ಗಳ ಮೇಲಿನ ಭಾಗ) ಮತ್ತೆ ಬಿಚ್ಚಿ ಇಳಿಸಲೇಬೇಕಾ?

ಉತ್ತರ: ಇಳಿಸಲೇಬೇಕು ಸರ್. ಹೊರಗಿನಿಂದ ಸಿಲಿಕೋನ್ ಮೆತ್ತಿದರೆ ನಿಲ್ಲಲ್ಲ. ಟ್ಯೂಬ್ ತುದಿಯಲ್ಲಿ ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆಗಳಿವೆಯಲ್ಲ, ಸೀಲನ್ನು ಒತ್ತಿ ಹಿಡಿಯೋದು ಅವೇ. ಒಮ್ಮೆ ಹೆಡ್ ಬಿಗಿದರೆ ಅವು ಕುಗ್ಗಿ ಹಾಗೇ ಉಳಿದುಬಿಡುತ್ತವೆ. ಹಳೇ ಟ್ಯೂಬ್ ಹಾಗೇ ಹಾಕಿದರೆ ಸೀಲ್ ಮೇಲೆ ಒತ್ತಡವೇ ಬೀಳಲ್ಲ, ಸೀಲ್ ಎಷ್ಟು ಹೊಸದಾದರೂ ಅಷ್ಟೇ. ನಾಲ್ಕೂ ಟ್ಯೂಬ್‌ಗಳನ್ನು ಸೊಟ್ಟ ಆಗದಂತೆ ಎಳೆದು, ಒಂದೇ ಉದ್ದಕ್ಕೆ ತನ್ನಿ. ಮಡಿಕೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಆ ಟ್ಯೂಬ್ ಬಿಸಾಕಿ.

ಪ್ರಶ್ನೆ ಕೇಳಿದವರು: ಸೀಲ್‌ಗೆ ಗ್ಯಾಸ್ಕೆಟ್ ಅಂಟು ಹಚ್ಚಲಾ?

ಉತ್ತರ: ಬೇಡ, ತೆಳ್ಳಗೆ ಆಯಿಲ್ ಸವರಿದರೆ ಸಾಕು. ಹೆಡ್ ಕೂರಿಸುವಾಗ ಟ್ಯೂಬ್‌ಗಳು ಓರೆಯಾಗೋದೇ ದೊಡ್ಡ ತಲೆನೋವು. ಒಬ್ಬರು ಹೆಡ್ ಕೆಳಕ್ಕೆ ತಂದು ಕೂರಿಸಲಿ, ಇನ್ನೊಬ್ಬರು ಟ್ಯೂಬ್ ನೆಟ್ಟಗೆ ಹಿಡಿದಿರಲಿ. ನಟ್‌ಗಳನ್ನು ಮಧ್ಯದಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ 33 ನ್ಯೂಟನ್ ಮೀಟರ್‌ಗೆ ಬಿಗಿಯಿರಿ. ವಾಲ್ವ್ ಗ್ಯಾಪ್ (ವಾಲ್ವ್ ತುದಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು) ಎಂಜಿನ್ ತಣ್ಣಗಿದ್ದಾಗ, ಇನ್ಲೆಟ್ಟಿಗೂ ಎಕ್ಸಾಸ್ಟಿಗೂ 0.15 ಮಿ.ಮೀ.

ಇನ್ನೊಂದು ಉತ್ತರ: ಕ್ರ್ಯಾಂಕ್ ಪುಲ್ಲಿಯ (ಎಂಜಿನ್ ಶಾಫ್ಟ್ ತುದಿಯ ಬೆಲ್ಟ್ ಚಕ್ರ) ಮುಚ್ಚಳವನ್ನೂ ದಯವಿಟ್ಟು ತೆಗೆದು ನೋಡಿ. ಈ ಎಂಜಿನ್ನಿನಲ್ಲಿ ಆಯಿಲ್ ಸೋಸೋಕೆ ಪೇಪರ್ ಫಿಲ್ಟರ್ ಇಲ್ಲ. ಪುಲ್ಲಿ ತಿರುಗುವ ರಭಸಕ್ಕೆ ಆಯಿಲ್‌ನ ಕೊಳೆ ಅದರ ಒಳಗೋಡೆಗೆ ಹೋಗಿ ಕೂರುತ್ತೆ. ಎಷ್ಟೋ ರಿಪೇರಿಗಳಲ್ಲಿ ಅದನ್ನು ಮುಟ್ಟೋದೇ ಇಲ್ಲ. ಕಪ್ಪು ಗಟ್ಟಿ ಪದರವನ್ನು ಮರದ ಚೂರಿನಿಂದ ಕೆರೆದು, ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಸೀಲ್ ಹಾಕಿ ಮುಚ್ಚಿ.