‘ಕ್ಷಾರತೆ’ ಅಂದರೆ ಎರಡರಲ್ಲಿ ಯಾವುದು? ಕಡಲಮೀನಿನ ತೊಟ್ಟಿಗೆ ಪದ ಬೇಕಾಗಿದೆ

ಎಲ್ಲರಿಗೂ ನಮಸ್ಕಾರ.

ಹಾಸನದ ಕಡೆ ಕಡಲಮೀನಿನ ಅಕ್ವೇರಿಯಂ ಹೊಸದಾಗಿ ಇಡುವವರಿಗೆಂದು ಒಂದು ಕಿರು ಕೈಪಿಡಿ ಬರೆಯುತ್ತಿದ್ದೇವೆ. ‘ಕ್ಷಾರತೆ’ ಎಂಬಲ್ಲಿ ಬರಹ ನಿಂತುಬಿಟ್ಟಿದೆ.

ಪಿಎಚ್ 7 ದಾಟಿದ ನೀರಿಗೂ ಕ್ಷಾರೀಯ ಅನ್ನುತ್ತೇವೆ. ಆಮ್ಲ ಬಿದ್ದರೂ ಪಿಎಚ್ ಕುಸಿಯದಂತೆ ತಡೆಯುವ ಬೈಕಾರ್ಬೊನೇಟಿನ ಶಕ್ತಿಗೂ, ಅಂದರೆ ಆಲ್ಕಲಿನಿಟಿಗೂ, ಕ್ಷಾರತೆ ಅನ್ನುತ್ತೇವೆ. ಮೊದಲನೆಯದು 8.0ರಿಂದ 8.3 ಇರಬೇಕು. ಎರಡನೆಯದನ್ನು ಡಿಕೆಎಚ್ ಎಂಬ ಏಕಮಾನದಲ್ಲಿ ಅಳೆಯುತ್ತಾರೆ, 8–9 ಇದ್ದರೆ ಚೆನ್ನ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಇಂಗಾಲದ ಡೈಆಕ್ಸೈಡ್ ಸೇರಿಕೊಂಡು ಪಿಎಚ್ 7.8ಕ್ಕೆ ಇಳಿದಾಗಲೂ ಆಲ್ಕಲಿನಿಟಿ 9 ಇರಬಹುದು. ಆಗ ಬೇಕಾದದ್ದು ಗಾಳಿ.

‘ಕ್ಷಾರತೆ ಕಡಿಮೆಯಾದರೆ ಸೋಡಾ ಹಾಕಿ’ ಎಂಬ ಸಾಲು ಇಲ್ಲೇ ಮೀನು ಕೊಲ್ಲುತ್ತದೆ. ಓದುವವರು ಪಿಎಚ್ ನೋಡಿ ವಾಷಿಂಗ್ ಸೋಡಾ ಹಾಕುತ್ತಾರೆ. ಹೊಸ ತೊಟ್ಟಿಯಲ್ಲಿ ಅಮೋನಿಯಾ ಇದ್ದೇ ಇರುತ್ತದೆ. 25 ಡಿಗ್ರಿಯಲ್ಲಿ ಪಿಎಚ್ 7.8ರಿಂದ 8.3ಕ್ಕೆ ಏರಿದರೆ ಅದರಲ್ಲಿ ವಿಷವಾಗಿರುವ ಪಾಲು ಸುಮಾರು ಮೂರು ಪಟ್ಟಾಗುತ್ತದೆ. ಬೆಳಿಗ್ಗೆ ಚೆನ್ನಾಗಿದ್ದ ಮೀನು ಸಂಜೆಗೆ ನೀರಿನ ಮೇಲ್ಮೈಯಲ್ಲಿ ಬಾಯಿ ಬಿಡುತ್ತಿರುತ್ತದೆ. ಅಮೋನಿಯಾ ಕಂಡರೆ ಮೊದಲು ಆಹಾರ ನಿಲ್ಲಿಸಿ, ಅಷ್ಟೇ ಬಿಸುಪಿನ, ಲೀಟರಿಗೆ 35 ಗ್ರಾಂ ಲವಣವಿರುವ ಹೊಸ ನೀರಿನಿಂದ ಕಾಲುಭಾಗ ಬದಲಿಸಬೇಕು. ಆಲ್ಕಲಿನಿಟಿಯೇ ನಿಜಕ್ಕೂ 7ಕ್ಕಿಂತ ಕೆಳಗಿದ್ದರೆ ಮಾತ್ರ ಅಡುಗೆ ಸೋಡಾ: 100 ಲೀಟರಿಗೆ 3 ಗ್ರಾಂ, ನೀರಲ್ಲಿ ಕದಡಿ, ನಿಧಾನವಾಗಿ. ಇಷ್ಟಕ್ಕೆ 1 ಡಿಕೆಎಚ್ ಏರುತ್ತದೆ. ಒಂದು ದಿನಕ್ಕೆ ಅಷ್ಟು ಸಾಕು.

ಆಲ್ಕಲಿನಿಟಿಗೆ ‘ಗಡಸುತನ’ವನ್ನೇ ಬಳಸಿ ಅಂತ ಕೆಲವರ ಸಲಹೆ. ನಮಗೆ ಒಪ್ಪಿಗೆಯಿಲ್ಲ. ಗಡಸುತನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳದ್ದು. ಬೋರ್‌ವೆಲ್ ನೀರಲ್ಲಿ ಗಡಸುತನ, ಆಲ್ಕಲಿನಿಟಿ ಎರಡೂ ಸಾಮಾನ್ಯವಾಗಿ ಜೊತೆಗೇ ಬರುವುದರಿಂದ ಒಂದೇ ಅನ್ನಿಸುತ್ತದೆ, ಆದರೆ ಮನೆಯ ಸಾಫ್ಟ್‌ನರ್ ಗಡಸುತನ ತೆಗೆದರೂ ಬೈಕಾರ್ಬೊನೇಟ್ ಹಾಗೇ ಉಳಿಯುತ್ತದೆ. (ಕಡಲನೀರು ಕಲಸಲು ಆ ನೀರೂ ಬೇಡ, ಟಿಡಿಎಸ್, ಅಂದರೆ ಕರಗಿದ ಲವಣಾಂಶ, 0 ಬರುವಷ್ಟು ಸೋಸಿದ ಆರ್‌ಒ–ಡಿಐ ನೀರೇ ಬೇಕು.) ಶಾಲೆಯ ಪುಸ್ತಕದ ‘ಪ್ರತ್ಯಾಮ್ಲೀಯ’ವನ್ನು ಪಿಎಚ್‌ಗೆ ಮೀಸಲಿಡಬಹುದು, ಆದರೆ ಮೀನಿನ ಅಂಗಡಿಯಲ್ಲಿ ಆ ಮಾತು ಓಡುವುದಿಲ್ಲ. ಸದ್ಯಕ್ಕೆ ಆಲ್ಕಲಿನಿಟಿಗೆ ‘ಆಮ್ಲತಾಳಿಕೆ’ ಎಂದು ಬರೆದಿದ್ದೇವೆ. ಕೆಲಸ ಏನೆಂದು ಪದವೇ ಹೇಳುತ್ತದೆ, ಪಿಎಚ್ ಎಂದು ಯಾರೂ ತಪ್ಪು ತಿಳಿಯಲಾರರು.

‘ಉಪ್ಪುನೀರಿನ ಅಕ್ವೇರಿಯಂ’ ಅನ್ನುವುದನ್ನೂ ಬಿಟ್ಟೆವು. ಅರಸೀಕೆರೆ ಕಡೆ ಬೋರಿನ ಗಡಸು ನೀರೇ ಉಪ್ಪುನೀರು.

ಇನ್ನೊಂದು, ‘ಸೈಕಲ್ ಮಾಡುವುದು’. ಮೀನು ಬಿಡುವ ಮುಂಚೆ ಅಮೋನಿಯಾವನ್ನು ನೈಟ್ರೈಟಾಗಿ, ಅದನ್ನು ನೈಟ್ರೇಟಾಗಿ ಮಾಡುವ ಬ್ಯಾಕ್ಟೀರಿಯಾ ಕಲ್ಲು-ಮರಳಿನಲ್ಲಿ ನೆಲೆಯೂರಬೇಕು. ಸಾಮಾನ್ಯವಾಗಿ 4–6 ವಾರ ಹಿಡಿಯುತ್ತದೆ. ಹೊಸ ಕಾವಲಿ ಪಳಗಿಸಿದಂತೆ ‘ತೊಟ್ಟಿ ಪಳಗಿಸುವುದು’ ಎಂದರೆ ಹೇಗೆ? ಅಮೋನಿಯಾ ಹಾಕಿದ 24 ಗಂಟೆಯಲ್ಲಿ ಅದೂ ನೈಟ್ರೈಟೂ ಸೊನ್ನೆಗೆ ಬಂದರೆ ಪಳಗಿದ ತೊಟ್ಟಿ.

‘ಆಮ್ಲತಾಳಿಕೆ’ಗಿಂತ ಹಗುರವಾದ ಪದ ಚಿಕ್ಕಮಗಳೂರು, ಸಕಲೇಶಪುರ ಕಡೆಯ ತೋಟದವರ ಬಾಯಲ್ಲಿ ಇದೆಯೇ? ಮಣ್ಣಿಗೆ ಸುಣ್ಣ ಹಾಕುವವರಿಗೆ ಈ ಸಂಗತಿ ಹೊಸದಲ್ಲ.