‘ಹೊಣೆ’ಯೋ ‘ಜವಾಬ್ದಾರಿ’ಯೋ: ಕುಕ್ಕರ್ ಸಿಡಿದರೆ ಯಾವುದು ಯಾರದು?

ಬಳಗದ ಎಲ್ಲರಿಗೂ ತುಮಕೂರಿನಿಂದ ನಮಸ್ಕಾರ.

ಗ್ರಾಹಕರ ಕಾನೂನಿನ ಮೇಲೆ ಒಂದು ಕಿರುಹೊತ್ತಿಗೆಯನ್ನು ಕನ್ನಡದಲ್ಲಿ ಬರೆದುಕೊಡುವ ಕೆಲಸ ಒಪ್ಪಿಕೊಂಡಿದ್ದೇನೆ. ಓದುವವರು ನಮ್ಮ ಜಿಲ್ಲೆಯವರು, ಕೋಲಾರ, ಚಿಕ್ಕಬಳ್ಳಾಪುರದವರು: ಸ್ತ್ರೀಶಕ್ತಿ ಸಂಘದ ಹೆಂಗಸರು, ಹಾಲಿನ ಡೇರಿ ಕಾರ್ಯದರ್ಶಿಗಳು, ಬೀಜ-ಗೊಬ್ಬರದ ಅಂಗಡಿಗೆ ಎಡತಾಕುವ ರೈತರು. ಬರೆಸುತ್ತಿರುವ ವಕೀಲರದು ಒಂದೇ ಷರತ್ತು. ‘ಮೇಷ್ಟ್ರೇ, ನಮ್ಮಮ್ಮನಿಗೆ ಅರ್ಥ ಆಗ್ಬೇಕು, ಎದುರು ಪಾರ್ಟಿ ವಕೀಲ ನಗಬಾರ್ದು.’

ಪ್ರಾಡಕ್ಟ್ ಲಯಬಿಲಿಟಿ ಎಂಬ ಅಧ್ಯಾಯಕ್ಕೆ ಬಂದು ನಿಂತಿದ್ದೇನೆ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಲ್ಲಿ 82ರಿಂದ 87ರವರೆಗಿನ ಕಲಮುಗಳು. 2020ರ ಜುಲೈನಿಂದ ಜಾರಿಯಲ್ಲಿವೆ. ಕೊಂಡ ವಸ್ತುವಿನ ದೋಷದಿಂದ ಗಾಯ, ಕಾಯಿಲೆ, ಸಾವು ಅಥವಾ ಬೇರೆ ಸ್ವತ್ತಿಗೆ ನಷ್ಟ ಆದರೆ ಕಟ್ಟಿಕೊಡಬೇಕಾದವರು ಯಾರು ಎಂಬುದು ಇಲ್ಲಿನ ವಿಷಯ. ಕುಕ್ಕರ್ ತಾನೇ ಕೆಟ್ಟು ಮೂಲೆ ಸೇರಿದರೆ ಈ ಅಧ್ಯಾಯಕ್ಕೆ ಬರುವುದಿಲ್ಲ, ಅದಕ್ಕೆ ಬೇರೆ ದಾರಿ ಇದೆ. ಕುಕ್ಕರ್ ಸಿಡಿದು ಮೈ ಸುಟ್ಟರೆ ಬರುತ್ತದೆ. ದೂರನ್ನು ನಾವಿರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ಕೊಡಬಹುದು, ಎರಡು ವರ್ಷದೊಳಗೆ ಕೊಡಬೇಕು. ವಸ್ತುವಿಗೆ ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂದೂ ಇಲ್ಲ. ಅಂದರೆ ದೂರು ಬರೆಯುವ ಕೈ ಅಡುಗೆಮನೆಯದೇ ಆಗಿರಬಹುದು. ಪದದ ಮೇಲೆ ಇಷ್ಟು ತಲೆ ಕೆಡಿಸಿಕೊಂಡಿರುವುದು ಅದಕ್ಕೇ.

ಲಯಬಿಲಿಟಿಗೆ ಮೂರು ಪದಗಳು ಚಲಾವಣೆಯಲ್ಲಿವೆ: ಬಾಧ್ಯತೆ, ಜವಾಬ್ದಾರಿ, ಹೊಣೆ ಅಥವಾ ಹೊಣೆಗಾರಿಕೆ.

‘ಬಾಧ್ಯತೆ’ಯನ್ನು ನಾನು ಆಚೆಗಿಟ್ಟಿದ್ದೇನೆ. ನಮ್ಮ ಕಡೆ ಈ ಪದ ಜನಕ್ಕೆ ಗೊತ್ತಿರುವುದು ಕ್ರಯಪತ್ರದಿಂದ. ‘ನೀವೂ ನಿಮ್ಮ ವಾರಸುದಾರರೂ ಹಕ್ಕುಬಾಧ್ಯಸ್ಥರೂ ಅನುಭವಿಸಿಕೊಂಡು ಬರತಕ್ಕದ್ದು’ ಎಂದು ಪತ್ರಬರಹಗಾರರು ಬರೆಯುತ್ತಾರಲ್ಲ, ಅಲ್ಲಿ ಬಾಧ್ಯಸ್ಥ ಎಂದರೆ ಆಸ್ತಿಯ ಮೇಲೆ ಹಕ್ಕು ಇರುವವನು, ತೆರಬೇಕಾದವನಲ್ಲ. ‘ಕಂಪನಿಗೆ ಬಾಧ್ಯತೆ ಇದೆ’ ಎಂದು ಬರೆದರೆ ಗುಬ್ಬಿಯ ರೈತ ಕಂಪನಿಗೇ ಏನೋ ಬರಬೇಕಾಗಿದೆ ಎಂದು ಓದಿಕೊಂಡರೆ ತಪ್ಪು ಅವನದಲ್ಲ.

ಅದೇ ಕ್ರಯಪತ್ರದ ಕೆಳಗಿನ ಸಾಲು ಮಾತ್ರ ನನಗೆ ಬಹಳ ಹಿಡಿಸಿತು. ‘ಸದರಿ ಸ್ವತ್ತಿನ ಮೇಲೆ ಮುಂದೆ ಯಾವುದೇ ತಂಟೆ ತಕರಾರು ಬಂದಲ್ಲಿ ನಾನೇ ಮುಂದೆ ನಿಂತು ನನ್ನ ಸ್ವಂತ ಖರ್ಚಿನಿಂದ ಬಗೆಹರಿಸಿಕೊಡುತ್ತೇನೆ.’ ಮಾರಿದವನ ಲಯಬಿಲಿಟಿ ಇದಕ್ಕಿಂತ ಬಿಡಿಸಿ ಹೇಳಲು ಬರುವುದೇ? ಜಮೀನು ಮಾರುವವನಿಂದ ನಾವು ಹೀಗೆ ಬರೆಸಿಕೊಳ್ಳುತ್ತೇವೆ. ಮಿಕ್ಸಿ ಕೊಂಡಾಗ ಸಿಗುವ ಬಿಲ್ಲಿನ ತಳದಲ್ಲಿ ಮಾತ್ರ ‘ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯಲಾಗುವುದಿಲ್ಲ’.

ಇನ್ನುಳಿದವು ಎರಡು. ಇವೆರಡೂ ಒಂದೇ, ಒಂದು ಅಚ್ಚಗನ್ನಡ, ಇನ್ನೊಂದು ಪಾರಸಿಯಿಂದ ಬಂದದ್ದು ಎಂದು ಸಾಮಾನ್ಯವಾಗಿ ಹೇಳಿಬಿಡುತ್ತೇವೆ. ಆದರೆ ಯಾವುದೇ ಕಲ್ಯಾಣಮಂಟಪದ ಗೋಡೆ ನೋಡಿ: ‘ನಿಮ್ಮ ಒಡವೆ ವಸ್ತುಗಳಿಗೆ ನೀವೇ ಜವಾಬ್ದಾರರು. ಕಳೆದುಹೋದಲ್ಲಿ ಆಡಳಿತ ಮಂಡಳಿ ಹೊಣೆಯಲ್ಲ.’ ಒಂದೇ ಹಲಗೆಯ ಮೇಲೆ ಎರಡೂ ಇವೆ. ಇದು ಬರೀ ಮಾತಿನ ಬೆಡಗು ಅಲ್ಲ ಅನ್ನಿಸುತ್ತದೆ. ಒಡವೆಯ ಮೇಲೆ ಕಣ್ಣಿಟ್ಟಿರುವುದು ಜವಾಬ್ದಾರಿ. ಕಳೆದ ಮೇಲೆ ಕಟ್ಟಿಕೊಡುವುದು ಹೊಣೆ. ಒಂದು ಅನಾಹುತದ ಮುಂಚಿನದು, ಇನ್ನೊಂದು ಆಮೇಲಿನದು. ಗಮನಿಸಿ, ಹಲಗೆ ಬರೆಸಿದವರು ಜವಾಬ್ದಾರಿಯನ್ನು ನಮಗೆ ಕೊಟ್ಟು ಹೊಣೆಯಿಂದ ತಾವು ನುಣುಚಿಕೊಂಡಿದ್ದಾರೆ. ಉತ್ಪನ್ನದ ಕೇಸುಗಳಲ್ಲಿ ಕಂಪನಿಗಳು ಹೂಡುವ ವಾದವೂ ಬಹುಮಟ್ಟಿಗೆ ಈ ಹಲಗೆಯದೇ.

ಹೊಣೆಯ ಹಳೆಯ ರೂಪ ‘ಪೊಣೆ’. ತಮಿಳಿನ ‘ಪುಣೈ’ ಇದರ ನಂಟ. ಎರಡಕ್ಕೂ ಜಾಮೀನು ಎಂಬ ಅರ್ಥವಿದೆ. ಸಾಲ ಮಾಡಿದವನು ಬೇರೆ, ಹೊಣೆ ನಿಂತವನು ಬೇರೆ. ಹೊಣೆ ನಿಂತವನು ಏನೂ ತಪ್ಪು ಮಾಡಿರುವುದಿಲ್ಲ, ಆದರೂ ತೆರುತ್ತಾನೆ. ಸೊಸೈಟಿ ಸಾಲಕ್ಕೆ ಭಾವಮೈದುನನ ಪರವಾಗಿ ಸಹಿ ಹಾಕಿದವರನ್ನು ಕೇಳಿ, ವಿವರವಾಗಿ ಹೇಳುತ್ತಾರೆ.

ನನ್ನ ವಾದ ಇಷ್ಟು. ಈ ಕಾಯ್ದೆಯ ಒಳಗಿರುವುದೂ ಇದೇ ಹೊಣೆ. ತಯಾರಕ ಎಚ್ಚರ ತಪ್ಪಿದ್ದನೆಂದು ರುಜುವಾತು ಮಾಡಿ ಎಂದು 84ನೇ ಕಲಮು ಗ್ರಾಹಕನನ್ನು ಕೇಳುವುದಿಲ್ಲ. ತಯಾರಿಕೆಯಲ್ಲೋ ವಿನ್ಯಾಸದಲ್ಲೋ ದೋಷವಿತ್ತು, ಕೊಟ್ಟ ವಾರಂಟಿಯಂತೆ ವಸ್ತು ಇರಲಿಲ್ಲ, ಸರಿಯಾಗಿ ಬಳಸುವುದು ಹೇಗೆಂದು ತಿಳಿಸಿರಲಿಲ್ಲ, ಇವುಗಳಲ್ಲಿ ಯಾವುದಾದರೂ ಒಂದನ್ನು ತೋರಿಸಿದರೆ ಆಯಿತು. ವಾರಂಟಿಯ ಮಾತು ಬಂದಾಗಲಂತೂ, ‘ನನ್ನ ಕಡೆಯಿಂದ ನಿರ್ಲಕ್ಷ್ಯ ಆಗಿಲ್ಲ’ ಎಂದು ತಯಾರಕ ಸಾಬೀತು ಮಾಡಿದರೂ ಬಿಡುಗಡೆಯಿಲ್ಲ ಎಂದು ಸ್ಪಷ್ಟವಾಗಿದೆ. ತಪ್ಪಿತಸ್ಥನಲ್ಲ, ಆದರೂ ಹೊಣೆ. ‘ಜವಾಬ್ದಾರಿ’ ಎಂದುಬಿಟ್ಟರೆ ಓದುಗನ ಮನಸ್ಸು ತಕ್ಷಣ ‘ಅವನೇನು ತಪ್ಪು ಮಾಡ್ದ?’ ಎಂಬಲ್ಲಿಗೆ ಓಡುತ್ತದೆ.

ಆದ್ದರಿಂದ ಅಧ್ಯಾಯಕ್ಕೆ ‘ಸರಕಿನ ಹೊಣೆ’ ಎಂದು ಹೆಸರಿಡಲು ಮನಸ್ಸಾಗಿದೆ. ಜಿಎಸ್‌ಟಿ ಬಂದ ಮೇಲೆ ‘ಸರಕು’ ಎಲ್ಲರಿಗೂ ಪರಿಚಯ. ‘ಉತ್ಪನ್ನ ಹೊಣೆಗಾರಿಕೆ’ ಕಚೇರಿಯ ಕಡತದಲ್ಲಿ ಚೆನ್ನ.

ಇದಕ್ಕೆ ಎದುರು ನಿಲ್ಲುವ ಬಳಕೆಗಳೂ ಇವೆ. ಡೇರಿಯ ವಾರ್ಷಿಕ ಸಭೆಯ ಪುಸ್ತಕದಲ್ಲಿ ‘ಆಸ್ತಿ-ಜವಾಬ್ದಾರಿ ತಖ್ತೆ’ ಇರುತ್ತದೆ. ಅಲ್ಲಿ ಜವಾಬ್ದಾರಿ ಎಂದರೆ ಅಪ್ಪಟ ಸಾಲ, ತೆರಬೇಕಾದ ಹಣ. ಇತ್ತ ‘ಹೊಣೆಗೇಡಿ’ ಎಂದು ಬೈಯುವಾಗ ಹೊಣೆ ಎಂದರೆ ಜಾಮೀನಲ್ಲ, ನಡವಳಿಕೆ. ಗೆರೆ ಅಲ್ಲಲ್ಲಿ ಅಳಿಸಿದೆ, ಒಪ್ಪುತ್ತೇನೆ. ಕಲ್ಯಾಣಮಂಟಪದ ಹಲಗೆಯಲ್ಲಿ ಇನ್ನೂ ಉಳಿದಿದೆಯಲ್ಲ ಎಂಬುದಷ್ಟೇ ನನ್ನ ಧೈರ್ಯ.

ಮುಂದಿನ ತೊಡಕು 87ನೇ ಕಲಮು. ಅಪಘಾತದ ಹೊತ್ತಿಗೆ ವಸ್ತುವನ್ನು ‘ಮಿಸ್‌ಯೂಸ್’ ಮಾಡಿದ್ದರೆ, ಬದಲಾಯಿಸಿದ್ದರೆ, ಮಾರ್ಪಡಿಸಿದ್ದರೆ ಮಾರಿದವನ ಮೇಲೆ ಕೇಸು ನಡೆಯುವುದಿಲ್ಲ. ಮಿಸ್‌ಯೂಸ್‌ಗೆ ಎಲ್ಲರೂ ಕಣ್ಣುಮುಚ್ಚಿ ‘ದುರುಪಯೋಗ’ ಅಥವಾ ‘ದುರ್ಬಳಕೆ’ ಎನ್ನುತ್ತಾರೆ. ಕನ್ನಡದಲ್ಲಿ ದುರುಪಯೋಗ ಆಗುವುದು ಅಧಿಕಾರ. ದುರ್ಬಳಕೆ ಆಗುವುದು ಸಂಘದ ಹಣ. ಎರಡರಲ್ಲೂ ಕಳ್ಳ ಉದ್ದೇಶದ ವಾಸನೆ ಇದೆ. ಕುಕ್ಕರಿಗೆ ನೀರು ಕಡಿಮೆ ಹಾಕಿ ಬೇಳೆ ಇಟ್ಟ ಹೆಂಗಸು ‘ಕುಕ್ಕರನ್ನು ದುರುಪಯೋಗಪಡಿಸಿಕೊಂಡಳು’ ಎಂದರೆ ಅವಳ ಮೇಲೆ ಎಫ್‌ಐಆರ್ ಹಾಕಿದಂತಾಯಿತು! ‘ತಪ್ಪು ಬಳಕೆ’ ಎಂದು ಬರೆದಿದ್ದೇನೆ. ಸಪ್ಪೆ, ಆದರೆ ಯಾರ ಮಾನವೂ ಹೋಗುವುದಿಲ್ಲ.

‘ಮಾರ್ಪಾಡು’ ಎಂಬುದು ನಮ್ಮ ಬೀದಿಯಲ್ಲಿ ಹೇಗೆ ನಡೆಯುತ್ತದೆ ಎಂಬುದನ್ನೂ ಹೇಳಬೇಕು, ಯಾಕೆಂದರೆ ಹೊಣೆಯ ಆಡುರೂಪ ನನಗೆ ಅಲ್ಲೇ ಸಿಕ್ಕಿತು. ‘ಕುಕ್ಕರ್ ಸ್ಟವ್ ರಿಪೇರೀ’ ಎಂದು ಕೂಗುತ್ತ ಬರುವವರೊಬ್ಬರು ಪಕ್ಕದ ಮನೆಯ ಮುಚ್ಚಳ ತಿರುವಿ ಸೇಫ್ಟಿ ವಾಲ್ವ್ ಬಿಚ್ಚಿದರು. ಒತ್ತಡ, ಕಾವು ಮಿತಿಮೀರಿದಾಗ ಅದು ಬಾಯಿ ಬಿಟ್ಟು ಆವಿ ಹೊರಹಾಕಬೇಕು, ಅಷ್ಟೇ ಅದರ ಕೆಲಸ. ಇದು ಸೋರುತ್ತಿತ್ತು. ತಮ್ಮ ತಗಡಿನ ಡಬ್ಬಿಯಿಂದ ಇನ್ನೊಂದು ತೆಗೆದು, ಹೊಂದುವುದೇ ನೋಡಿ, ದಾರ ಸುತ್ತಿ ಬಿಗಿದರು.

‘ಇದು ಕಂಪ್ನಿದೇನಪ್ಪಾ?’

‘ಕಂಪ್ನಿದು ಯಾಕಕ್ಕ, ಸುಮ್ನೆ ದುಡ್ಡು. ಏನಾರಾ ಆದ್ರೆ ನಾನಿದೀನಲ್ಲ.’

‘ನಾನಿದೀನಲ್ಲ’. ಕ್ರಯಪತ್ರದ ‘ನಾನೇ ಮುಂದೆ ನಿಂತು’ ಎಂಬುದೇ ಆಡುಮಾತಿನಲ್ಲಿ ಹೀಗಾಗುತ್ತದೆ. ಕಾನೂನಿನ ಕಣ್ಣಲ್ಲೂ ಈ ಮಾತಿಗೆ ತೂಕವಿದೆ: ತಯಾರಕ ಕೊಟ್ಟದ್ದಲ್ಲದೆ ಮಾರಾಟಗಾರ ತಾನೇ ಬೇರೆಯಾಗಿ ವಾರಂಟಿ ಕೊಟ್ಟು, ವಸ್ತು ಅದರಂತೆ ಇಲ್ಲದೆ ಹಾನಿಯಾದರೆ, 86ನೇ ಕಲಮಿನ ಪ್ರಕಾರ ಹೊಣೆ ಅವನ ಮೇಲೆ ಬರುತ್ತದೆ. ಬಾಯಿಮಾತನ್ನು ಸಾಬೀತು ಮಾಡುವುದು ಬೇರೆ ಕಥೆ. ಆದರೆ ದಾರ ಸುತ್ತಿದ ವಾಲ್ವು ನಾಳೆ ಕೈಕೊಟ್ಟರೆ ಕುಕ್ಕರ್ ಕಂಪನಿ 87ನೇ ಕಲಮಿನತ್ತ ಬೆರಳು ತೋರಿಸುತ್ತದೆ, ರಿಪೇರಿಯವರು ಆ ಹೊತ್ತಿಗೆ ಕ್ಯಾತ್ಸಂದ್ರದ ಕಡೆ ಕೂಗುತ್ತಿರುತ್ತಾರೆ. 2021ರ ಫೆಬ್ರವರಿಯಿಂದ ಐಎಸ್‌ಐ ಗುರುತಿಲ್ಲದ ಕುಕ್ಕರ್ ಮಾರುವಂತಿಲ್ಲ. ಡಬ್ಬಿಯೊಳಗಿನ ವಾಲ್ವಿಗೆ ಗುರುತು ಯಾರು ಹುಡುಕುತ್ತಾರೆ?

ಗ್ರಾಹಕನ ಸ್ವಂತ ತಪ್ಪಿಗೆ ನಮ್ಮಲ್ಲಿ ಸಿದ್ಧವಾಗಿರುವುದು ‘ಮಾಡಿದ್ದುಣ್ಣೋ ಮಹರಾಯ’. ಗಾದೆ ಚೆನ್ನಾಗಿದೆ, ಆದರೆ ಅದಕ್ಕೆ ಭಾಗಾಕಾರ ಬರುವುದಿಲ್ಲ. ಪೂರಾ ಉಣ್ಣಬೇಕು, ಇಲ್ಲವೇ ಏನೂ ಇಲ್ಲ. ನ್ಯಾಯಾಲಯ ಪಾಲು ಹಾಕುತ್ತದೆ. ‘ಅಮೆರಿಕದಲ್ಲಿ ಒಬ್ಬಳು ಕಾಫಿ ಚೆಲ್ಲಿಕೊಂಡು ಕೋಟಿ ಹೊಡೆದಳಂತೆ’ ಎಂಬ ಕಥೆ ನೀವೂ ಕೇಳಿರುತ್ತೀರಿ. ನಡೆದದ್ದು 1992ರಲ್ಲಿ, ನ್ಯೂ ಮೆಕ್ಸಿಕೊದ ಆಲ್ಬುಕರ್ಕಿಯಲ್ಲಿ. ನಿಂತಿದ್ದ ಕಾರಿನಲ್ಲಿ ಕೂತು ಲೋಟದ ಮುಚ್ಚಳ ತೆಗೆಯುವಾಗ 79 ವರ್ಷದ ಅಜ್ಜಿಯ ತೊಡೆಯ ಮೇಲೆ ಮೆಕ್‌ಡೊನಾಲ್ಡ್ಸ್ ಕಾಫಿ ಚೆಲ್ಲಿತು. ಅದರ ಬಿಸಿ 82ರಿಂದ 88 ಡಿಗ್ರಿ ಸೆಲ್ಸಿಯಸ್‌ನಷ್ಟು. ಚರ್ಮ ಕಸಿ ಮಾಡಬೇಕಾಯಿತು. ಸುಟ್ಟ ಬಗ್ಗೆ ಅದಕ್ಕೂ ಮೊದಲು ಕಂಪನಿಗೆ ಸುಮಾರು 700 ದೂರುಗಳು ಹೋಗಿದ್ದವು. 1994ರಲ್ಲಿ ಜ್ಯೂರಿ 2 ಲಕ್ಷ ಡಾಲರ್ ನಷ್ಟ ಎಣಿಸಿ, ಶೇ. 20 ತಪ್ಪು ಅಜ್ಜಿಯದೇ ಎಂದು ಅದನ್ನು 1 ಲಕ್ಷ 60 ಸಾವಿರಕ್ಕೆ ಇಳಿಸಿತು. ದಂಡರೂಪದಲ್ಲಿ ಹಾಕಿದ 27 ಲಕ್ಷವನ್ನು ನ್ಯಾಯಾಧೀಶರು 4 ಲಕ್ಷ 80 ಸಾವಿರಕ್ಕೆ ತಂದರು, ಕೊನೆಗೆ ಎರಡೂ ಕಡೆಯವರು ಹೊರಗೇ ರಾಜಿಯಾದರು. ಕಾಫಿ ಕಥೆ ಹೇಳುವವರು ಈ ಶೇ. 20ರ ಸುದ್ದಿ ಎತ್ತುವುದೇ ಇಲ್ಲ.

ಆ ಶೇ. 20ಕ್ಕೆ ನಮ್ಮಲ್ಲಿ ಹೆಸರೇನು? ವಕೀಲರು ಕಾಂಟ್ರಿಬ್ಯೂಟರಿ ನೆಗ್ಲಿಜೆನ್ಸ್ ಎಂದೇ ಅನ್ನುತ್ತಾರೆ. ‘ಯೋಗದಾಯಿ ನಿರ್ಲಕ್ಷ್ಯ’ ಎಂದರೆ ಸ್ತ್ರೀಶಕ್ತಿ ಸಂಘದಲ್ಲಿ ಯೋಗಾಸನದ ಶಿಬಿರ ಎಂದುಕೊಂಡಾರು. ಪೊಲೀಸರ ‘ಅತಿವೇಗ ಮತ್ತು ಅಜಾಗರೂಕತೆ’ ಮನೆಮನೆಗೂ ಗೊತ್ತಿರುವುದರಿಂದ ‘ತನ್ನ ಪಾಲಿನ ಅಜಾಗರೂಕತೆ’ ಎಂದಿಟ್ಟಿದ್ದೇನೆ. ‘ಪಾಲು’ ಇದ್ದರೆ ಉಳಿದ ಪಾಲು ಇನ್ಯಾರದೋ ಇದೆ ಎಂದು ತಾನೇ ಹೊಳೆಯುತ್ತದೆ.

ಈ ಜಗ್ಗಾಟ ನಮ್ಮ ಜಿಲ್ಲೆಗಳಲ್ಲಿ ಎದ್ದು ಕಾಣುವುದು ಕುಕ್ಕರಿನಲ್ಲಲ್ಲ, ಬೀಜದಲ್ಲಿ. ಬೀಜ ಹುಟ್ಟಲಿಲ್ಲವೆಂದರೆ ಕಂಪನಿಯವರು ‘ಆಳಕ್ಕೆ ಬಿತ್ತಿದ್ದೀರಿ, ಹದ ಇರಲಿಲ್ಲ’ ಎನ್ನುತ್ತಾರೆ. ಅಂಗಡಿಯವರು ‘ಎತ್ತಿಗೆ ಜ್ವರ ಬಂದ್ರೆ ಎಮ್ಮೆಗ್ಯಾಕೆ ಬರೆ’ ಎಂದು ಕೈ ತೊಳೆದುಕೊಳ್ಳುತ್ತಾರೆ. ಲ್ಯಾಬಿಗೆ ಕಳಿಸೋಣವೆಂದರೆ ಬೀಜವೆಲ್ಲ ಮಣ್ಣಿನೊಳಗೆ. 2012ರಲ್ಲಿ ಸುಪ್ರೀಂ ಕೋರ್ಟು, ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ, ಬೀಜ ಕೊಂಡ ರೈತನೂ ಗ್ರಾಹಕನೇ, ಪರೀಕ್ಷೆಗೆಂದು ಅವನು ಒಂದಿಷ್ಟು ಎತ್ತಿಟ್ಟಿರಬೇಕೆಂದು ನಿರೀಕ್ಷಿಸಲಾಗದು ಎಂದಿತು. ಅದು ಹಳೆಯ ಕಾಯ್ದೆಯ ಕಾಲದ ತೀರ್ಪು, ಆದರೆ ಕಿರುಹೊತ್ತಿಗೆಯಲ್ಲಿ ದಪ್ಪಕ್ಷರದಲ್ಲಿ ಹಾಕಿಸುತ್ತಿದ್ದೇನೆ. ಪತ್ರಿಕೆಗಳ ‘ಕಳಪೆ ಬೀಜ’ ಇಲ್ಲಿ ಸಾಕೇ, ‘ದೋಷಯುಕ್ತ ಬೀಜ’ ಎನ್ನಬೇಕೇ? ಕಳಪೆ ಎಂದರೆ ಗುಣಮಟ್ಟ ಕಡಿಮೆ ಎಂದಷ್ಟೇ ಆಗುತ್ತದೆಯೋ ಏನೋ. ನನಗಂತೂ ಸಾಕೆನಿಸುತ್ತದೆ.

ಬಳಗದವರಿಂದ ಬೇಕಾದದ್ದು: ‘ಸರಕಿನ ಹೊಣೆ’ ಎಂದು ಯಾರಾದರೂ ಮುಂಚೆ ಅಚ್ಚಿನಲ್ಲಿ ಬಳಸಿದ್ದು ಕಂಡಿದ್ದೀರಾ? ‘ತಪ್ಪು ಬಳಕೆ’ಗಿಂತ ಚುರುಕಾದದ್ದು ಹೊಳೆಯುತ್ತದೆಯೇ? ಇನ್ನೊಂದು, ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿ, ನಮ್ಮ ಪಾವಗಡದ ಕಡೆಯವರಿಗೆ. ತೆಲುಗಿನಲ್ಲಿ ‘ಪೂಚೀ ನಾದಿ’ ಎಂದರೆ ಹೊಣೆ ನನ್ನದು. ನೀವು ಕನ್ನಡ ಮಾತಾಡುವಾಗಲೂ ‘ಅದಕ್ಕೆ ನಾನು ಪೂಚಿ’ ಎಂದು ಅನ್ನುವುದುಂಟೇ? ಉಂಟಾದರೆ ಯಾರು, ಯಾವ ವ್ಯವಹಾರದಲ್ಲಿ ಅನ್ನುತ್ತಾರೆ ತಿಳಿಸಿ. ಬೀಜದಂಗಡಿಯಲ್ಲಿ ಕೇಳಿದ್ದಾದರೆ ಇನ್ನೂ ಒಳ್ಳೆಯದು, ಆ ಜಿಲ್ಲೆಗಳ ಪ್ರತಿಯಲ್ಲಿ ಆವರಣದೊಳಗೆ ಅದನ್ನೇ ಹಾಕಿಸುತ್ತೇನೆ.